ಗಬ್ಬೂರಿನ ಬಸ್ಸಿನಲ್ಲಿ ಬರುತ್ತಿದ್ದ ಬುತ್ತಿ

ರಾಯಚೂರು, ಏಪ್ರಿಲ್ ೧೯೮೧

ಯವ್ವಾ,

ಬೆಳಿಗ್ಗೆ ಟೈಪಿಂಗ್ ಕ್ಲಾಸು, ಆಮೇಲೆ ಕಾಲೇಜು, ಸಂಜೆ ರೆಕಾರ್ಡ್ ಬರೆಯುವುದು. ಈಚೆಗೆ ಇವತ್ತು ಯಾವ ವಾರ ಎಂಬುದೂ ನೆನಪಿರುವುದಿಲ್ಲ. ಇವತ್ತು ಮಧ್ಯಾಹ್ನ ಕೊನೆಯ ಪರೀಕ್ಷೆ ಬರೆದು ಬಸ್‌ಸ್ಟ್ಯಾಂಡಿಗೆ ಹೋದೆ. ಗಬ್ಬೂರಿನ ಬಸ್ಸು ಬಂತು. ದಿನಾ ನಿನ್ನ ಬುತ್ತಿ ತಂದುಕೊಡುತ್ತಿದ್ದ ಕಂಡಕ್ಟರ್ ದಸ್ತಗೀರ್ ಸಾಬರ ಮುಂದೆ ಎಂದಿನಂತೆ ಕೈ ಚಾಚಿದೆ.

ಅವರು ನೆಲ ನೋಡಿದರು. "ಬೇಟಾ, ಈಗ ಬುತ್ತಿ ಕಟ್ಟಾಕ ಯಾರದಾರ?"

ನೀನು ತೀರಿಹೋಗಿ ತಿಂಗಳಾಗಿದೆ.

ತಮ್ಮ ಡಬ್ಬಿಯಿಂದ ಎರಡು ರೊಟ್ಟಿ ಕೊಟ್ಟರು. ಅಲ್ಲೇ ನಿಂತು ತಿಂದೆ. ಹಸಿವಾಗಿತ್ತು.

ಜ್ವರದಲ್ಲಿ ಮಲಗಿದಾಗ ನೀನು, "ಒಮ್ಮಿ ಬಂದು ಹೋಗಂತ ಹೇಳ್ರಿ" ಎಂದು ಅವರ ಕೈಯಲ್ಲೇ ಹೇಳಿಕಳಿಸಿದ್ದೆ. ಖಾಲಿ ಡಬ್ಬಿ ಕೊಡುತ್ತ ನಾನು, "ಪರೀಕ್ಷಿ ಮುಗೀಲಿ ಅನ್ರಿ" ಎಂದಿದ್ದೆ.

ಇವತ್ತು ಮುಗಿಯಿತು.