ರೇಡಾರಿಗೆ ಹಾಕಿದ ಹಾರ

ಚಿನಕುರಳಿ
29 ಅಕ್ಟೋಬರ್ 2025, ಬುಧವಾರ

ಪ್ರೀತಿಯ ತಿಮ್ಮರಾಜಣ್ಣನಿಗೆ,

ಹೇಗಿದ್ದೀಯ? ನಾಗಮಂಗಲದ ಕ್ವಾರಿಯಲ್ಲಿ ಧೂಳು ಜಾಸ್ತಿಯಂತೆ, ಕೆಮ್ಮು ಬಿಟ್ಟಿತೇ? ಅಮ್ಮನ ಮಂಡಿನೋವು ಹಾಗೇ ಇದೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎದುರಿಗಿದ್ದರೂ ನನಗೆ ಬಾಯಿ ಬರುತ್ತಿರಲಿಲ್ಲ ಬಿಡು.

ಇಲ್ಲಿನ ಕ್ವಾರಿಯ ಕಸ ಗುಡಿಸುವ ಕೆಲಸದಿಂದ ನನ್ನನ್ನು ತೆಗೆದರು. ಬಂಡೆಗೋಡೆ ಜರುಗುವುದನ್ನು ಕಾಯುವ, ಆಗ ನೀನು ನೋಡಿಕೊಳ್ಳುತ್ತಿದ್ದ ರೇಡಾರಿಗೆ ಆಯುಧಪೂಜೆಯ ದಿನ ನೀರಲ್ಲಿ ಅದ್ದಿದ ಚೆಂಡುಹೂವಿನ ಹಾರ ಸುತ್ತಿದ್ದು ನಾನೇ, ಒಪ್ಪುತ್ತೇನೆ. ಮೇಸ್ತ್ರಿ ಮುದ್ದಯ್ಯನವರು "ಒಂದು ಮಿಷಿನ್ನೂ ಬುಡಬ್ಯಾಡ ಕಣವ್ವ, ಅದ್ಕೂ ಮುನಿಸು ಬಂದಾತು" ಅಂದಿದ್ದರು. ಟಿಪ್ಪರಿಗೆ ಮಾಡಿದಂತೆಯೇ ಅದರ ಬಿಳಿ ಮುಖಕ್ಕೂ ಹಸಿ ಅರಿಶಿನ ಬಳಿದೆ. ಅದರಿಂದ ಹೊರಡುವ ಅಲೆ ಹೆಸರುಕಾಳಿನಷ್ಟು ಚಿಕ್ಕದಂತೆ. ಬಂಡೆಗೆ ಬಡಿದು ವಾಪಸ್ಸು ಬಂದರೆ ಕೂದಲೆಳೆಯಷ್ಟು ಜರುಗಿದ್ದೂ ಗೊತ್ತಾಗಿ ಸೈರನ್ನು ಕೂಗುತ್ತದಂತೆ. ಆದರೆ ನೀರು ಆ ಅಲೆಯನ್ನು ನುಂಗಿಬಿಡುತ್ತದೆ. ಇದನ್ನೆಲ್ಲ ನನಗೆ ಹೇಳಿದ್ದು ಆಮೇಲೆ ವಿಚಾರಣೆಗೆ ಬಂದ ಇಂಜಿನಿಯರಮ್ಮ. ದಿನಾ ಬೆಳಿಗ್ಗೆ ನೀನು ಅದರ ಇಬ್ಬನಿ ಒರೆಸುವಾಗ ಯಾಕೆ ಅಂತ ನಾನು ಕೇಳಿದ್ದೆ. "ಐದ್ನೇ ಕ್ಲಾಸ್ನೋಳಿಗೆ ಅದ್ಯಾಕಮ್ಮಿ, ಪೊರ್ಕೆ ಇಡ್ಕೊ" ಅಂದೆ ನೀನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾರ ಹಾಕಿದ ಮೇಲೆ ನೀನು ಬಂದೆ, ನೋಡಿದೆ. ತೆಗೆಯಲು ಕೈ ಚಾಚಿ ಹಿಂದಕ್ಕೆ ಎಳೆದುಕೊಂಡೆ. ಪೂಜೆಯ ಹೂವನ್ನು ಅದೇ ದಿನ ಕೀಳಬಾರದಲ್ಲ. "ಇವತ್ತು ಕೆಲ್ಸ ಇಲ್ಲ, ನಾಳೀಕೆ ತಗುದ್ರಾಯ್ತು" ಅಂತ ಗೊಣಗಿಕೊಂಡೆ. ನಾನು ಪಕ್ಕದಲ್ಲೇ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದೆ. ಮಧ್ಯಾಹ್ನ ನಮ್ಮ ಜೊತೆ ಕೆಲಸ ಮಾಡುವ ಚಿಕ್ಕಮಾದಯ್ಯನವರು ಗುಂಡಿಯೊಳಗಿನ ಕಂಪ್ರೆಸರಿಗೆ ಕಾಯಿ ಒಡೆಯಲು ಇಳಿದರು. ಸೈರನ್ನು ಕೂಗಲೇ ಇಲ್ಲ. ಬಂಡೆ ಅವರ ಕಾಲ ಮೇಲೆ ಬಿತ್ತು.

ವಿಚಾರಣೆಗೆ ಬಂದವರ ಮುಂದೆ ನೀನು ಏನಂದೆ? "ನಾನು ನೋಡ್ನೇ ಇಲ್ಲ ಸಾ, ನನ್ ತಂಗಿ ಓದಿಲ್ಲ, ಗೊತ್ತಾಗ್ದೆ ಮಾಡ್ಬುಟ್ಟವ್ಳೆ." ಓದದವಳ ಮೇಲೆ ಆ ತಪ್ಪು ಎಷ್ಟು ಸುಲಭವಾಗಿ ಕೂತಿತು. ನಿನಗೆ ಬೇರೆ ಕ್ವಾರಿ, ಅಂಥದೇ ರೇಡಾರು. ನನಗೆ ನಲ್ಲಿಯ ಹತ್ತಿರ "ಕಾಲ್ ಮುರ್ದೋಳು" ಅನ್ನುವ ಹೆಸರು.

ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ
ರಂಜಿತ

ಕವರಿಗೆ ಅಂಟು ಹಾಕುವ ಮುಂಚೆ ಇನ್ನೊಂದು ಮಾತು: ನಿನ್ನೆ ಚಿಕ್ಕಮಾದಯ್ಯನವರು ಆಸ್ಪತ್ರೆಯಿಂದ ಬಂದರು, ಒಂದೇ ಕಾಲಲ್ಲಿ. ನೋಡಲು ಹೋಗಿದ್ದೆ. ಬೈಯಲಿಲ್ಲ. "ನೀರು ಸೋಕುಸ್ಬಾರ್ದು ಅಂತ ಯಾರೂ ಏಳ್ನಿಲ್ವಾ ಮಗಾ ನಿಂಗೆ?" ಅಂದರು. ನೀನು ಹಾರವನ್ನು ನೋಡಿದ್ದನ್ನು ನಾನು ಹೇಳಿಬಿಟ್ಟೆ. "ಅವ್ನೇ ಬಂದು ಏಳ್ಲಿ" ಅಂದು ಗೋಡೆ ಕಡೆ ತಿರುಗಿಕೊಂಡರು. ನಾಗಮಂಗಲದಿಂದ ಭಾನುವಾರವೂ ಬಸ್ಸಿದೆ.