ಗೋಗಿಯ ಗಿರಾಕಿಗಳು ಎಲ್ಲಿ ಹೋದರು?

ಶಹಾಪುರ,
ಬುಧವಾರ

ಚಂದ್ರಾಮಪ್ಪ ಸಾಹೇಬರಿಗೆ ಮದೀನಾಬೀ ಮಾಡುವ ಸಲಾಂ.

ನಾನು ಕಳಿಸಿದ ರಿಪೋರ್ಟಿನಲ್ಲಿ ಗಿರಾಕಿಗಳು ತೀರಾ ಕಡಿಮೆ ಕಂಡದ್ದರಿಂದ, ಗೋಗಿಯ ನಮ್ಮ ಹೊಲಿಗೆ ಮಶೀನಿನ ಅಂಗಡಿ ಮುಚ್ಚಲು ತಾವು ತಿಳಿಸಿದಿರಿ. ಆಮೇಲೆ ಸುಮ್ಮನೆ ಕುತೂಹಲಕ್ಕೆ ಆ ರಿಪೋರ್ಟಿನಲ್ಲಿ ನಮ್ಮ ತಾಯಿ ಖುರ್ಷೀದಬೇಗಂ ಅವರ ಹೆಸರು ಹುಡುಕಿದೆ. ಹೋದ ವರ್ಷ ಅಲ್ಲಿಯೇ ಮಶೀನು ಕೊಂಡಿದ್ದರೂ ಅವರ ಹೆಸರಿರಲಿಲ್ಲ.

ಯಾಕಿರಬಹುದೆಂದು ಒಂದೊಂದೇ ಫಿಲ್ಟರ್ ತೆಗೆಯುತ್ತ ಹೋದೆ. ಮೆಸೇಜು ಕಳಿಸಲೆಂದು ಹಿಂದೆ ಯಾರೋ ಹಾಕಿದ್ದ ‘ಮೊಬೈಲ್ ನಂಬರ್ ಇರುವವರು ಮಾತ್ರ’ ಎಂಬುದನ್ನು ತೆಗೆದ ಕೂಡಲೇ ತಾಯಿ ಕಾಣಿಸಿದರು. ಅವರ ಹಿಂದೆಯೇ ಗೋಗಿಯ ಹೆಂಗಸರೆಲ್ಲ ಬಂದರು. ಚಾರ್ಟಿನಲ್ಲಿ ಗೋಗಿ ನಮ್ಮ ಸುರಪುರದ ಅಂಗಡಿಯನ್ನೂ ದಾಟಿತು.

ನಂಬಿಕೆ ಬರದೆ ನಿನ್ನೆ ಗೋಗಿಗೇ ಹೋದೆ. ಅಂಗಡಿ ನಡೆಸುವ ಕರೆಮ್ಮನವರು ಸಾಮಾನು ಕಟ್ಟುತ್ತಿದ್ದರು. ಹಣಮಮ್ಮ ಎಂಬ ಗಿರಾಕಿ ಕೆಟ್ಟ ಮಶೀನು ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು.

“ನಂಬರ್ ಯಾಕ ಬರಸಿಲ್ಲರಿ?” ಎಂದು ಹಣಮಮ್ಮನವರನ್ನು ಕೇಳಿದೆ.

“ಫೋನ್ ನಮ್ಮನಿಯವ್ರದು ತಂಗಿ. ಕೆನಾಲ್ ಕೆಲಸಕ್ಕ ಒಯ್ತಾರ. ಮಶೀನ್ ನಂದು. ಅವ್ರ ನಂಬರ್ ಯಾಕ ಬರಸ್ಲಿ?” ಎಂದರು.

ಸರಿಪಡಿಸಿದ ರಿಪೋರ್ಟ್ ಇದರೊಂದಿಗಿದೆ. ದಯವಿಟ್ಟು ನೋಡಿ, ಅಂಗಡಿ ಮುಚ್ಚುವ ಆದೇಶ ಹಿಂದಕ್ಕೆ ಪಡೆಯಬೇಕು.

ಇನ್ನೊಂದು ಮಾತು. ಹಣಮಮ್ಮನವರ ಮಶೀನಿಗೆ ಬೆಲ್ಟ್ ಬೇಕಿತ್ತು. ತಮ್ಮ ಉತ್ತರಕ್ಕೆ ಕಾಯದೆ, ಕಟ್ಟಿದ ಪೆಟ್ಟಿಗೆ ಬಿಚ್ಚಲು ಕರೆಮ್ಮನವರಿಗೆ ನಾನೇ ಹೇಳಿದೆ.

ತಮ್ಮ ವಿಧೇಯಳು,
ಮದೀನಾಬೀ