ಬಾಯಿಪಾಠದ ಪ್ರೋಗ್ರಾಂ

ಚಾಂದ್‌ಖೇಡಾ, ಅಹಮದಾಬಾದ್
17 ಡಿಸೆಂಬರ್ 2025, ಬುಧವಾರ

ಪೂಜ್ಯ ಅತ್ತೆಯವರಿಗೆ ಚೈತ್ರಾ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ಪದ್ಧತಿ. ಬರೆದಿದ್ದೇನೆ ಅಂತಲೇ ತಿಳಿದುಕೊಳ್ಳಿ. ತಾರಾಳ ಜ್ವರ ಇಳಿದಿದೆ, ಕೆಮ್ಮು ಇಳಿದಿಲ್ಲ. ನಿಮ್ಮ ಮಗ ಮೆಹಸಾಣಾ ಕಡೆ ಎಣ್ಣೆಬಾವಿಯ ಡ್ಯೂಟಿಯಲ್ಲಿದ್ದಾರೆ, ಬರುವುದು ಮುಂದಿನ ವಾರ. ನನ್ನ ನಿದ್ದೆಯ ವಿಷಯ ಕೇಳಬೇಡಿ. ಮಗು ಕೆಮ್ಮಿದರೆ ಎದ್ದು ಕೂರುತ್ತೇನೆ, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಅಂತ ಎದ್ದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ.

ಫೋನ್ ಮಾಡಬಹುದಿತ್ತಲ್ಲ, ಕಾಗದ ಯಾಕೆ ಅಂತ ನಿಮಗನ್ನಿಸಬಹುದು. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂ ಅನ್ನುತ್ತೇನೆ. ನಾನು ಬಾಯಿ ತೆರೆದ ಕೂಡಲೇ ಅಲ್ಲಿ ಒಲೆಯ ಮೇಲೆ ಏನೋ ಉಕ್ಕುತ್ತದೆ, ಫೋನು ಮಾವನ ಕೈಗೆ ಹೋಗುತ್ತದೆ. ಮಾವ ವಡೋದರಾದ ಅಲ್ಕಾಪುರಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ನನಗೆ ಆಯ್ತಮ್ಮ ಆಯ್ತಮ್ಮ ಅನ್ನುತ್ತಾ ಇನ್ಯಾರಿಗೋ ಚಿಲ್ಲರೆ ಕೊಡುತ್ತಿರುತ್ತಾರೆ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ.

ಭಾನುವಾರ ನೀವು ಹೇಳಿದಿರಿ: ನಾನು ಬರ್ಲಿಕ್ಕೆ ತಯಾರುಂಟು ಮಾರಾಯ್ತಿ, ಮೊಮ್ಮಗಳನ್ನು ಬಿಟ್ಟು ನನಗೆಂತ ಸುಖ ಇಲ್ಲಿ, ಆದ್ರೆ ಜನವರಿಯ ಮರುಪರೀಕ್ಷೆಯಲ್ಲಿ ನಿನ್ನ ಮೈದುನ ಚೇತನ್ ಪಾಸಾಗ್ಬೇಕು, ಅದು ನಿನ್ನ ಕೈಯಲ್ಲೇ ಉಂಟಲ್ಲ ಅಂತ. ನಾನು ಆಗಲೂ ಹೂಂ ಅಂದೆ. ಅದು ಒಪ್ಪಿಗೆ ಅಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ, ಬೇಸರಿಸಬೇಡಿ. ಜೂನ್‌ನಲ್ಲಿ ನೀವು ಚೇತನನನ್ನು ಕರೆದುಕೊಂಡು ನಮ್ಮ ಕ್ವಾರ್ಟರ್ಸಿಗೆ ಬಂದಿರಿ. ಅವನಿಗೆ ನಾನು ಪಾಠ ಮಾಡುವ ಕಾಲೇಜಿನಲ್ಲೇ ಬಿಸಿಎ ಸೀಟು, ನನಗೆ ಬಾಣಂತನದ ನಂತರ ಮತ್ತೆ ತರಗತಿ, ತಾರಾಗೆ ಅಜ್ಜಿ. ಮೂರಕ್ಕೂ ಸೇರಿ ಒಂದೇ ರೈಲು ಟಿಕೆಟ್ಟು ಅಂತ ನಾನು ನಕ್ಕಿದ್ದೆ. ನೀವು ನಗಲಿಲ್ಲ. ದೊಡ್ಡವನು ಹೇಗೋ ಹೋಟೆಲಿನ ಹೊಗೆಯಿಂದ ಹೊರಗೆ ಬಿದ್ದ, ಇವನೂ ಬೀಳ್ಬೇಕು, ನಿನ್ನ ಮಾವನ ಹಾಗೆ ಎಣ್ಣೆ ಹೊಗೆ ಕುಡಿದು ಕೆಮ್ಮುವುದು ಬೇಡ ಅಂದಿರಿ. ಆ ಮಾತು ನನಗೆ ಅರ್ಥವಾಗುತ್ತದೆ ಅತ್ತೆ. ಈಗಲೂ ಆಗುತ್ತದೆ.

ಅರ್ಥವಾಗದ್ದು ಇದು. ಮೊದಲ ಸೆಮಿಸ್ಟರ್ ಅಂದ್ರೆ ಎಂತ, ಮೌಸ್ ಹಿಡಿಯೋದು ತೋರಿಸೋದಲ್ವಾ, ಅದಕ್ಕೆ ಎಮ್ಮೆಸ್ಸಿ ಬೇಕಾ ಅಂತ ನೀವು ಪಕ್ಕದ ಮನೆಯವರ ಮುಂದೆ ಕೇಳಿದಿರಿ. ನಾನು ತಟ್ಟೆ ತೊಳೆಯುತ್ತಿದ್ದೆ, ಕೇಳಿಸಿತು. ಮೌಸ್ ಹಿಡಿಯಲು ಈಗ ತಾರಾಗೂ ಬರುತ್ತದೆ. ಹುಡುಗರ ಬಾಯಿಪಾಠ ಬಿಡಿಸಿ, ಒಂದು ಕೆಲಸವನ್ನು ಹೇಗೆ ಹಂತ ಹಂತವಾಗಿ ಒಡೆಯುವುದು, ಈ ಗೆರೆ ಯಾಕೆ ಇಲ್ಲಿದೆ, ತೆಗೆದರೆ ಏನಾಗುತ್ತದೆ ಅಂತ ಕೇಳುವುದನ್ನು ಕಲಿಸಲು ಇರುವುದು ಆ ಒಂದೇ ಸೆಮಿಸ್ಟರ್. ಅಲ್ಲಿ ತಪ್ಪಿದರೆ ಮೂರು ವರ್ಷವೂ ಅವರು ಕುರುಡಾಗಿ ಟೈಪ್ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಪರೀಕ್ಷೆಗೆ ಬರುವ ಎಲ್ಲ ಪ್ರೋಗ್ರಾಂಗಳೂ ಹುಡುಗರು ಕೈಯಲ್ಲಿ ಬರೆದಿಡುವ ಜರ್ನಲ್‌ನಲ್ಲಿ ಇರುತ್ತವೆ ಅಂತ ಗೊತ್ತಾದದ್ದೇ ತಡ, ನೀವು ಅದನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂತಿರಿ. ಕಾಲ ಮೇಲೆ ತಾರಾ, ಎದುರಿಗೆ ಕಣ್ಣು ಮುಚ್ಚಿದ ಚೇತನ್. ಸ್ತೋತ್ರ ಒಪ್ಪಿಸಿದ ಹಾಗೆ ಅವನು ಮೊದಲ ಗೆರೆಯ ಹ್ಯಾಶ್ ಇನ್‌ಕ್ಲೂಡ್‌ನಿಂದ ಶುರು ಮಾಡಬೇಕು, ನೀವು ಅಕ್ಷರ ಅಕ್ಷರಕ್ಕೆ ಬೆರಳಿಟ್ಟು ನೋಡಬೇಕು. ಚುಕ್ಕೆ ಕೆಳಗಿನ ಬಾಲ ಬಿಟ್ಟಿ ಮಾರಾಯ, ಮೊದಲಿಂದ ಹೇಳು ಅನ್ನುವಿರಿ. ಅವನು ಮೊದಲಿಂದ ಹೇಳುವನು. ಸೆಮಿಕೋಲನ್ ಎಲ್ಲಿ ಬರುತ್ತದೆ ಅನ್ನುವುದು ಎರಡು ತಿಂಗಳಲ್ಲಿ ನನ್ನ ಅರ್ಧ ವಿದ್ಯಾರ್ಥಿಗಳಿಗಿಂತ ನಿಮಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ಬರುತ್ತದೆ ಅನ್ನುವುದನ್ನು ನೀವೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಒಮ್ಮೆ ಹೇಳಿ ನೋಡಿದೆ, ಅತ್ತೆ, ಇದು ಹಾಗೆ ಕಲಿಯುವುದಲ್ಲ ಅಂತ. ಮೊದಲು ಬಾಯಿಗೆ ಬರ್ಲಿ, ಅರ್ಥ ಆಮೇಲೆ ಬರ್ತದೆ, ನಾನು ಕಲಿತದ್ದೆಲ್ಲ ಹಾಗೇ ಅಂದಿರಿ. ಹೌದಾದರೆ ಹೌದೇ ಅನ್ನದೆ ಇನ್ನೇನು ಅನ್ನಲಿ? ನನ್ನ ಮಗು ನಿಮ್ಮ ಕಾಲ ಮೇಲಿತ್ತು. ಬೆಳಿಗ್ಗೆ ನೀವು ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಅದು ಮಧ್ಯಾಹ್ನದವರೆಗೆ ಮಲಗುತ್ತಿತ್ತು. ನಾನು ತರಗತಿಯಲ್ಲಿ ನಿಂತು, ಮನೆಯಲ್ಲಿ ಗ್ಯಾಸ್ ಆರಿದೆಯೋ ಇಲ್ಲವೋ ಅನ್ನುವ ಯೋಚನೆ ಇಲ್ಲದೆ, ಒಂದು ಗಂಟೆ ಪೂರ್ತಿ ಪಾಠ ಮಾಡುತ್ತಿದ್ದೆ. ಆ ಗಂಟೆಯ ಸುಖ ಏನು ಅಂತ ನಿಮಗೆ ಹೇಗೆ ಹೇಳಲಿ.

ಪ್ರಾಕ್ಟಿಕಲ್ ಪರೀಕ್ಷೆಗೆ ಒಳಗಿನ ಪರೀಕ್ಷಕಿ ನಾನೇ ಅಂತ ಪಟ್ಟಿ ಬಂತು. ಹುಡುಗರಲ್ಲಿ ನನ್ನ ಮೈದುನ ಇದ್ದಾನೆ, ಬೇರೆಯವರನ್ನು ಹಾಕಿ ಅಂತ ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ನಕ್ಕು, ಹಾಗಿದ್ದರೆ ಇನ್ನೂ ಒಳ್ಳೆಯದೇ ಆಯಿತಲ್ಲ ಮೇಡಂ ಅಂದರು. ಹೊರಗಿನಿಂದ ಬಂದವರು ಸೂರತ್‌ನ ಅಮೃತ್ ಸರ್, ಕತಾರ್‌ಗಾಮ್‌ನ ಯಾವುದೋ ಕಾಲೇಜಿನವರು. ಹೊರಗಿನ ಪರೀಕ್ಷಕರಿಗೆ ಊಟ ಹಾಕುವುದು ಕಾಲೇಜಿನ ಪದ್ಧತಿ ಅಂತ ನಾನು ಸುಮ್ಮನೆ ಹೇಳಿದ್ದನ್ನು ನೀವು ಹಿಡಿದುಕೊಂಡಿರಿ. ಗೋಳಿಬಜೆ, ಬಿಸಿಬೇಳೆಬಾತ್, ಮಾವ ವಡೋದರಾದಿಂದ ರೈಲಿನಲ್ಲಿ ಕಳಿಸಿದ ಮೈಸೂರು ಪಾಕು. ಕ್ಯಾರಿಯರ್ ಹೊತ್ತು ಒಳಗೆ ಬಂದವನು ಚೇತನ್. ಅಮೃತ್ ಸರ್ ಬೆರಳು ಚೀಪುತ್ತಾ ಯಾವ ಹೋಟೆಲ್ ಅಂತ ಕೇಳಿದರು. ಚೇತನ್ ನನ್ನ ಮುಖ ನೋಡಿ, ನಮ್ಮದೇ ಸರ್, ಇವರು ನನ್ನ ಅತ್ತಿಗೆ ಅಂದ. ಅಲ್ಲಿಗೆ ಪರೀಕ್ಷೆ ಮುಗಿಯಿತು ಅಂತ ನಾಲ್ಕೂ ಜನ ತಿಳಿದಿದ್ದೆವು, ಮನೆಯಲ್ಲಿ ಕೂತ ನೀವೂ ಸೇರಿ.

ಅವನಿಗೆ ಬಂದ ಚೀಟಿ, ಹತ್ತು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ. ಎಲ್ಲರಿಗಿಂತ ಮೊದಲು ಮುಗಿಸಿದ. ಒಂದು ಬಾಲವೂ ತಪ್ಪಿರಲಿಲ್ಲ, ಉತ್ತರ ಸರಿ ಬಂತು. ಅಮೃತ್ ಸರ್ ಬೆನ್ನು ತಟ್ಟಿ, ಈಗ ಇದೇ ಪ್ರೋಗ್ರಾಂ ಚಿಕ್ಕದನ್ನು ಹುಡುಕುವ ಹಾಗೆ ಮಾಡು ಬೇಟಾ ಅಂದರು. ಕಷ್ಟ ಕೊಡಲು ಕೇಳಿದ್ದಲ್ಲ ಅತ್ತೆ. ತಿಂದ ಉಪ್ಪಿಗೆ ಸುಲಭದ್ದೇ ಕೇಳಿದರು. ದೊಡ್ಡದು-ಚಿಕ್ಕದು ಹೋಲಿಸುವ ಒಂದು ಚಿಹ್ನೆಯನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದರೆ ಆಯಿತು.

ಚೇತನ್ ಪರದೆ ನೋಡಿದ. ಆಮೇಲೆ ಬರೆದದ್ದನ್ನೆಲ್ಲ ಅಳಿಸಿದ. ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ, ಹ್ಯಾಶ್ ಇನ್‌ಕ್ಲೂಡ್‌ನಿಂದ ಮತ್ತೆ ಟೈಪ್ ಮಾಡಿದ. ಮತ್ತೆ ದೊಡ್ಡದೇ ಬಂತು. ಮತ್ತೆ ಅಳಿಸಿದ, ಮತ್ತೆ ಮೊದಲಿಂದ. ಲ್ಯಾಬಿನಲ್ಲಿ ಉಳಿದ ಹುಡುಗರು ನಗಲು ಶುರು ಮಾಡಿದರು. ಸಾಕು ಚೇತನ್, ಎದ್ದೇಳು ಅಂತ ನಾನೇ ಹೇಳಬೇಕಾಯಿತು. ಅವನ ಕುತ್ತಿಗೆ ಬೆವತು ಅಂಗಿ ಅಂಟಿಕೊಂಡಿತ್ತು. ಹತ್ತೊಂಬತ್ತರ ಹುಡುಗ ನನ್ನ ಮುಖ ನೋಡದೆ ಕ್ಯಾರಿಯರ್ ಎತ್ತಿಕೊಂಡು ಹೋದ.

ಅಮೃತ್ ಸರ್ ಪೆನ್ನು ನನ್ನ ಕಡೆ ತಳ್ಳಿ, ನೀವು ಎಷ್ಟು ಬರೆಯುತ್ತೀರೋ ಬರೆಯಿರಿ ಬೆನ್, ನನ್ನ ಸಹಿ ಇರುತ್ತದೆ ಅಂತ ಅವರ ಗುಜರಾತಿಯಲ್ಲಿ ಹೇಳಿದರು. ನಾನು ಬರೆದೆ. ಅವನು ಗಳಿಸಿದಷ್ಟನ್ನೇ ಬರೆದೆ. ಸಹಿ ಹಾಕುವಾಗ ಅವರಿಗೆ ಮುಜುಗರವಾಯಿತು.

ಫಲಿತಾಂಶ ಬಂದ ದಿನ ನೀವು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಊಟ ಉಂಡ ಪರರು ಪಾಸು ಮಾಡ್ಲಿಕ್ಕೆ ತಯಾರಿದ್ರು, ಮನೆಯವಳಿಗೆ ಕೈ ಬರ್ಲಿಲ್ಲ ಅಂತ ತಾರಾಗೆ ಹೇಳಿದಿರಿ. ಅವಳು ನಿಮ್ಮ ಸರ ಹಿಡಿದು ನಗುತ್ತಿದ್ದಳು. ಅವಳನ್ನು ನನ್ನ ಕೈಗೆ ಕೊಟ್ಟು, ಚೀಲ ತುಂಬಿ, ಮಗನನ್ನು ಕರೆದುಕೊಂಡು ವಡೋದರಾ ರೈಲು ಹತ್ತಿದಿರಿ.

ಆಮೇಲಿನದು ನಿಮಗೆ ಗೊತ್ತಿಲ್ಲ. ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ, ಅವಳು ಮಗುವಿನ ಬಾಯಿಗೆ ಸಕ್ಕರೆ ಕಟ್ಟಿದ ಬಟ್ಟೆ ಇಟ್ಟು ಟಿವಿ ನೋಡುತ್ತಿದ್ದಳು. ಶಿಶುಕೇಂದ್ರದಲ್ಲಿ ಬಿಟ್ಟೆ, ಅಲ್ಲಿಂದಲೇ ಜ್ವರ ತಂದಿತು. ನಿಮ್ಮ ಮಗನಿಗೆ ಫೋನ್ ಮಾಡಿದರೆ, ಒಂದು ಚಿಹ್ನೆಯ ವಿಷಯ ಚೈತ್ರಾ, ಒಂದೇ ಒಂದು ಚಿಹ್ನೆ, ನೀನು ಅಷ್ಟೊಂದು ಹಟ ಮಾಡಬೇಕಿತ್ತಾ ಅಂದರು. ಇಂಜಿನಿಯರ್ ಅವರು. ಬಾವಿಯ ಕವಾಟ ಆ ಕಡೆಗೆ ತಿರುಗಿಸಬೇಕಾದ್ದನ್ನು ಈ ಕಡೆಗೆ ತಿರುಗಿಸಿದವನಿಗೂ ಹೀಗೇ ಹೇಳುತ್ತಾರಾ ಅಂತ ಕೇಳಿದೆ. ಫೋನ್ ಇಟ್ಟರು. ನಾಲ್ಕು ದಿನವಾಯಿತು, ಮಗುವಿನ ಫೋಟೋ ಕಳಿಸು ಅಂತ ಮಾತ್ರ ಮೆಸೇಜು ಬರುತ್ತದೆ.

ನಡುವೆ ತಾರಾ ಎದ್ದಳು, ಕಾಗದ ನಿಲ್ಲಿಸಿ ಮತ್ತೆ ಕೂತಿದ್ದೇನೆ. ಎಲ್ಲಿದ್ದೆ? ನಿಮ್ಮ ಷರತ್ತಿನಲ್ಲಿ.

ಆಗುವುದಿಲ್ಲ ಅತ್ತೆ. ಚೇತನನನ್ನು ಕಳಿಸಿ, ಜರ್ನಲ್ ಅಲ್ಲೇ ಇರಲಿ. ಖಾಲಿ ಪರದೆಯ ಮುಂದೆ ಕೂರಿಸಿಕೊಂಡು ನಾನು ಕಲಿಸುತ್ತೇನೆ. ಅವನು ದಡ್ಡನಲ್ಲ. ಅಷ್ಟನ್ನು ಒಂದಕ್ಷರ ತಪ್ಪದೆ ಹೊತ್ತವನು ದಡ್ಡನಾಗಲು ಸಾಧ್ಯವಿಲ್ಲ, ಅವನನ್ನು ಯಾರೂ ಯೋಚಿಸಲು ಬಿಟ್ಟಿಲ್ಲ ಅಷ್ಟೇ. ನೀವು ಬರುವುದಾದರೆ ಮೊಮ್ಮಗಳಿಗಾಗಿ ಬನ್ನಿ. ಅಂಕಕ್ಕೆ ಬದಲಾಗಿ ನನ್ನ ಮಗುವನ್ನು ಎತ್ತಿಕೊಳ್ಳಲು ಬರುವುದಾದರೆ ಬರಬೇಡಿ. ಇಷ್ಟು ಕಟುವಾಗಿ ನಿಮಗೆ ಬರೆಯುತ್ತೇನೆ ಅಂತ ನಾನು ಎಂದೂ ಅಂದುಕೊಂಡಿರಲಿಲ್ಲ. ಆದರೆ ತಾರಾ ದೊಡ್ಡವಳಾಗಿ ಕೇಳಿದಾಗ, ನನ್ನನ್ನು ಎತ್ತಿಕೊಂಡ ಕೈಗೆ ಏನು ಕೊಟ್ಟೆ ಅನ್ನುವುದಕ್ಕೆ ನನ್ನ ಹತ್ತಿರ ಹೇಳಿಕೊಳ್ಳುವಂಥ ಉತ್ತರ ಇರಬೇಕು.

ಮಾವನಿಗೆ ನಮಸ್ಕಾರ. ಅವರ ಕೆಮ್ಮಿಗೆ ಡಾಕ್ಟರನ್ನು ಕಾಣಿಸಿ.

ಇಂತಿ, ನಿಮ್ಮ ಮನೆಯವಳೇ ಆದ,
ಚೈತ್ರಾ

ಮತ್ತೆ: ಬರೆಯಬಾರದು ಅಂದುಕೊಂಡಿದ್ದೆ. ಸೋಮವಾರ ಎರಡನೇ ಸೆಮಿಸ್ಟರ್ ಶುರುವಾಗಿದೆ, ನಾನು ಹೋಗಿಲ್ಲ. ಶುಕ್ರವಾರ ಪ್ರಿನ್ಸಿಪಾಲರು ಬರುತ್ತೀರೋ ಇಲ್ಲವೋ ಅಂತ ಕೇಳಿದಾಗ ಮಗು ಹೆಗಲ ಮೇಲೆ ಕಿರುಚುತ್ತಿತ್ತು, ಇಲ್ಲ ಅಂದುಬಿಟ್ಟೆ. ನೀವು ಭಾನುವಾರ ಷರತ್ತು ಹಾಕುವಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ. ನನ್ನ ಜಾಗಕ್ಕೆ ಬಂದ ನಿಕಿತಾ ಮೇಡಂ ತುಂಬ ಒಳ್ಳೆಯವರಂತೆ. ಮರುಪರೀಕ್ಷೆಯ ಹುಡುಗರನ್ನೆಲ್ಲ ಕರೆದು, ಬರುವ ಐದು ಪ್ರೋಗ್ರಾಂ ಯಾವುವು ಅಂತ ಈಗಲೇ ಗುರುತು ಹಾಕಿಕೊಟ್ಟು, ಬಾಯಿಪಾಠ ಮಾಡಿ ಬನ್ನಿ, ಬೇರೇನೂ ಕೇಳುವುದಿಲ್ಲ ಅಂದಿದ್ದಾರಂತೆ. ಚೇತನ್ ಪಾಸಾಗುತ್ತಾನೆ. ಚಿಂತೆ ಬೇಡ.